ಕಾಡ್‌ಜೇನಿಗೊಂದು ಕನ್ನಡ ವಿಳಾಸ

ಮಡಿಕೇರಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ತಿಥಿ ಕಾಗದ, ತೋಟ ಮಾರಾಟಕ್ಕಿದೆ ಎಂಬ ಚೀಟಿ, ಸಂಘಗಳ ಕರಪತ್ರ, ಇವೇ ನನ್ನ ಕನ್ನಡ ಸೇವೆ. ನಾನು ಶನಿವಾರಸಂತೆ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರ್ ಕಲಿಯಲು ಬರುವವರು ನಿಂತುಹೋದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ನಾನು ಕೂತೆ. ಅಂದಿನಿಂದ ಇಂದಿನವರೆಗೆ ಕನ್ನಡದ ಅಕ್ಷರಗಳು ಕಂಪ್ಯೂಟರಿನೊಳಗೆ ಪಟ್ಟ ಪಾಡನ್ನೆಲ್ಲ ಹತ್ತಿರದಿಂದ ನೋಡಿದ್ದೇನೆ.

ಮೊದಲು ಒಂದೊಂದು ಅಂಗಡಿಗೂ ಒಂದೊಂದು ಫಾಂಟ್ ಇತ್ತು. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಕಸ. ಒಂದು ಸಲ ನಾನು ಮೈಸೂರಿನ ಪ್ರೆಸ್ಸಿಗೆ ಕಳುಹಿಸಿದ ಮದುವೆ ಕಾಗದದಲ್ಲಿ ವಧುವಿನ ತಾಯಿಯ ಹೆಸರಿರಬೇಕಾದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರ, ಕಂಸ, ಶೇಕಡಾ ಚಿಹ್ನೆ ಸಾಲುಗಟ್ಟಿ ನಿಂತಿದ್ದವು. ಪ್ರೆಸ್ಸಿನವನು ಅದನ್ನೂ ಚಿನ್ನದ ಬಣ್ಣದಲ್ಲಿ ಅಚ್ಚುಹಾಕಿ, ಕವರಿಗೆ ಅರಿಶಿನ ಹಚ್ಚಿ ಕಳುಹಿಸಿದ್ದ. ಕೇಳಿದರೆ, "ಕೊಡವರ ಹೆಸರು ಹಾಗೇ ಇರುತ್ತೇನೋ ಅಂದ್ಕೊಂಡೆ ಮೇಡಂ" ಎಂದ.

ಆಮೇಲೆ ಯೂನಿಕೋಡ್ ಬಂತು. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ಅದರ ಜೊತೆ ಒಂದು ಕಾಣದ ಅಕ್ಷರವೂ ಬಂತು. ಅದಕ್ಕೆ ರೂಪವಿಲ್ಲ, ಅಗಲವಿಲ್ಲ. ಅರ್ಧಾಕ್ಷರದ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿಯದಂತೆ ನಡುವೆ ನಿಂತು ತಡೆಯುವುದಷ್ಟೇ ಅದರ ಕೆಲಸ. ಅದನ್ನು ಹಾಕಿದರೆ 'ಬಸ್‌ಸ್ಟ್ಯಾಂಡ್' ಎಂದು ಓದಬಹುದು. ಹಾಕದಿದ್ದರೆ ಸ, ಟ, ಯ ಎಲ್ಲ ಒಂದರ ಬುಡಕ್ಕೊಂದು ಜೋತುಬಿದ್ದು ಬಸ್ಸಿನ ಬದಲು ಬಾವಲಿಯ ಗುಂಪು ಕಾಣುತ್ತದೆ. ನಾನು ಆ ಕೀಲಿಯನ್ನು ದಿನಕ್ಕೆ ನೂರು ಸಲವಾದರೂ ಒತ್ತುತ್ತೇನೆ. ಒತ್ತುತ್ತೇನೆಂಬುದು ನನಗೇ ಗೊತ್ತಾಗುವುದಿಲ್ಲ. ಈ ಅಭ್ಯಾಸವೇ ಮುಂದೆ ನನ್ನನ್ನು ಮೂರ್ಖಳನ್ನಾಗಿ ಮಾಡಿತು. ಆ ಕಥೆಯಲ್ಲಿ ನನಗಿಂತ ದೊಡ್ಡ ಮೂರ್ಖರಿದ್ದರು ಎಂಬುದು ಒಂದೇ ಸಮಾಧಾನ.

ಗೋಣಿಕೊಪ್ಪಲಿನ ಒಂದು ಸಭಾಂಗಣದಲ್ಲಿ ಮಹಿಳಾ ಗುಂಪುಗಳಿಗೆ ಒಂದು ದಿನದ ಶಿಬಿರ ನಡೆಯಿತು. 'ನಿಮ್ಮ ಭಾಷೆಯಲ್ಲೇ ನಿಮ್ಮ ಇಂಟರ್ನೆಟ್ ವಿಳಾಸ' ಎಂಬುದು ವಿಷಯ. ಬ್ಯಾನರ್ ಮಾಡಿದವಳು ನಾನಾದ್ದರಿಂದ ನನಗೂ ಊಟದ ಕೂಪನ್ ಸಿಕ್ಕಿತ್ತು. ಜಿಲ್ಲೆಯ ಮೂಲೆಮೂಲೆಗಳಿಂದ ಹೆಂಗಸರನ್ನು ಜೀಪಿನಲ್ಲಿ ತುಂಬಿ ತಂದಿದ್ದರು. ಕರಿಕೆಯಿಂದ ಬಂದವರು ನಸುಕಿನಲ್ಲೇ ಮನೆ ಬಿಟ್ಟಿದ್ದರು. ಇಬ್ಬರು ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ನಿಂಬೆಹಣ್ಣು ಮೂಸುತ್ತಾ ಕೂತಿದ್ದರು. ಬೆಂಗಳೂರಿನಿಂದ ಬಂದ ಪರಿಣತರು ಮಾತ್ರ ಹೋಂಸ್ಟೇಯಲ್ಲಿ ಮಲಗೆದ್ದು ಹನ್ನೊಂದಕ್ಕೆ ದಯಮಾಡಿಸಿದರು.

ಅವರು ಎರಡು ಗಂಟೆ ಮಾತಾಡಿದರು, ಇಂಗ್ಲಿಷಿನಲ್ಲಿ. ಕನ್ನಡದ ಮಹತ್ವವನ್ನು ಇಂಗ್ಲಿಷಿನಲ್ಲಿ ವಿವರಿಸುವವರ ಮುಖದಲ್ಲಿ ಒಂದು ಕರುಣೆ ಇರುತ್ತದಲ್ಲ, ಅದು ಅವರ ಮುಖದಲ್ಲಿ ಧಾರಾಳವಾಗಿತ್ತು. ಅವರ ಹಿಂದೆ ಪರದೆಯ ಮೇಲೆ 'ಕನ್ನಡ' ಎಂಬ ಪದ ಬಿದ್ದಿತ್ತು. ನ ಬೇರೆ, ಒತ್ತು ಬೇರೆ, ಡ ಬೇರೆ. ಮೂರೂ ಜಗಳವಾಡಿಕೊಂಡ ಅಣ್ಣತಮ್ಮಂದಿರ ಹಾಗೆ ದೂರದೂರ ಕೂತಿದ್ದವು. ನಾನು ಕೈಯೆತ್ತಿ ತೋರಿಸಿದೆ.

"ಅದು ಫಾಂಟ್ ಇಶ್ಯೂ ಮೇಡಂ" ಎಂದು ಮುಂದಿನ ಚಿತ್ರಕ್ಕೆ ಹೋದರು. ಮುಂದಿನ ಚಿತ್ರದಲ್ಲಿ 'ಕರ್ನಾಟಕ'ಕ್ಕೂ ಅದೇ ಗತಿಯಾಗಿತ್ತು.

ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವಳು ಕರಿಕೆಯ ಜೇನು ಗುಂಪಿನ ಮುಂದಾಳು. ನಲವತ್ತರ ಆಚೀಚೆ ವಯಸ್ಸು, ಗಟ್ಟಿ ದನಿ, ಕೈಯಲ್ಲಿ ಹಳೆಯ ಜೇನುಕಡಿತದ ಕಲೆಗಳು. ಹನ್ನೆರಡು ಹೆಂಗಸರು ಕಾಡಂಚಿನಲ್ಲಿ ಪೆಟ್ಟಿಗೆ ಇಟ್ಟು ಜೇನು ತೆಗೆಯುತ್ತಿದ್ದರು. ಮನೆಯಲ್ಲಿ ಅವಳದು ಅರೆಭಾಷೆ, ನಮ್ಮ ಕಡೆಯ ಒಂದು ಆಡುಕನ್ನಡ. ನನ್ನಂಥವರ ಹತ್ತಿರ ಅದಕ್ಕೆ ಸ್ವಲ್ಪ ಪೇಟೆಯ ಕನ್ನಡ ಬೆರೆಸುತ್ತಾಳೆ.

"ಅಕ್ಕ, ಆ ಮನುಷ್ಯ ಹೇಳ್ದು ಎಂತ? ನಮ್ಮ ಹೆಸ್ರು ಕನ್ನಡಲ್ಲೇ ಇಡುಕೆ ಆದೆಯಾ?"

"ಆಗುತ್ತೆ ಅಂತಾರೆ."

"ಹಂಗಾರೆ ನಮ್ಗೆ ಒಂದ್ ಮಾಡಿಕೊಡಿ. ಕಾಡ್‌ಜೇನ್ ಅಂತ ಬೇಕು."

ಅವಳು ಅದನ್ನು ನನ್ನ ಕೂಪನ್ನಿನ ಹಿಂದೆ ಬರೆದು ತೋರಿಸಿದಳು. ಕಾ, ಅರ್ಧ ಡ, ಆಮೇಲೆ ಸ್ವಲ್ಪ ಜಾಗ ಬಿಟ್ಟು ಜೇನ್. ಅವರ ಊರಿನಲ್ಲಿ ಎಲ್ಲರ ಬಾಯಲ್ಲೂ ಹಾಗೇ ಬರುತ್ತದೆ.

ವಾರದ ನಂತರ ಅವಳು ಮಡಿಕೇರಿಗೆ ಬಂದಳು. ತಾಲ್ಲೂಕು ಕಚೇರಿಯ ಕೆಲಸ ಮುಗಿಸಿ ನನ್ನ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತಳು. ನಾನು ಹೆಸರು ನೋಂದಾಯಿಸುವ ಕಂಪನಿಯ ಪುಟ ತೆರೆದು ಟೈಪ್ ಮಾಡಿದೆ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ಈ ಹೆಸರಿನಲ್ಲಿ ಒಪ್ಪಲಾಗದ ಅಕ್ಷರವಿದೆ. ಮತ್ತೆ ಟೈಪ್ ಮಾಡಿದೆ. ಮತ್ತೆ ಕೆಂಪು. ಆಗ ಹೊಳೆಯಿತು, ಅವರಿಗೆ ಬೇಡವಾದದ್ದು ನನ್ನ ಕಾಣದ ಅಕ್ಷರ.

ಸಹಾಯವಾಣಿಗೆ ಫೋನ್ ಮಾಡಿದೆ. ಕನ್ನಡಕ್ಕೆ ನಾಲ್ಕನ್ನು ಒತ್ತಿ ಎಂದರು, ಒತ್ತಿದೆ. ಹಿಂದಿ ಬಂತು. ಬಹಳ ಹೊತ್ತಿನ ಮೇಲೆ ಕನ್ನಡ ಬಲ್ಲ ಒಬ್ಬ ಮೇಲ್ವಿಚಾರಕ ಸಿಕ್ಕಿದ.

"ಅದು ಪಾಲಿಸಿ ಮೇಡಂ. ಕಣ್ಣಿಗೆ ಕಾಣದ ಅಕ್ಷರ ಹೆಸರಲ್ಲಿ ಬರೋ ಹಾಗಿಲ್ಲ. ಒಂದೇ ತರ ಕಾಣೋ ಎರಡು ಹೆಸರು ಮಾಡಿ ಜನಕ್ಕೆ ಮೋಸ ಮಾಡ್ತಾರೆ."

ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಕೆಲವು ಭಾಷೆಗಳಲ್ಲಿ ಆ ಅಕ್ಷರ ಇದ್ದರೂ ಇಲ್ಲದಿದ್ದರೂ ಪದ ಒಂದೇ ಥರ ಕಾಣುತ್ತದೆ, ಕಳ್ಳರಿಗೆ ಅಷ್ಟು ಸಾಕು. ಆದರೆ ಕನ್ನಡದ ಅರ್ಧಾಕ್ಷರದ ಪಕ್ಕದಲ್ಲಿ ಅದು ಇಲ್ಲದಿದ್ದರೆ ಪದವೇ ಬೇರೆ ಕಾಣುತ್ತದೆ. ಅದನ್ನೇ ಹೇಳಿದೆ.

"ಹಾಗಾದ್ರೆ ಶುದ್ಧವಾಗಿ 'ಕಾಡುಜೇನು' ಅಂತ ಹಾಕಿ."

ಹುಡುಕಿದೆ. ಅದನ್ನು ಯಾರೋ ಆಗಲೇ ಹಿಡಿದಿಟ್ಟಿದ್ದರು. ತೆರೆದರೆ ಖಾಲಿ ಪುಟ, 'ಈ ಹೆಸರು ಮಾರಾಟಕ್ಕಿದೆ' ಎಂಬ ಇಂಗ್ಲಿಷ್ ಸಾಲು. ಜೇನಿನ ವಾಸನೆಯೇ ಗೊತ್ತಿಲ್ಲದವನ ಬಳಿ ಶುದ್ಧ ಕನ್ನಡ ಭದ್ರವಾಗಿತ್ತು.

"ಸಾರ್, 'ವೆಬ್‌ಸೈಟ್' ಅನ್ನೋ ಪದವನ್ನೇ ನಿಮ್ಮ ನಿಯಮದ ಪ್ರಕಾರ ಸರಿಯಾಗಿ ಬರೆಯೋಕಾಗಲ್ಲ. ಅದು ಗೊತ್ತಾ ನಿಮಗೆ?" ಎಂದೆ.

"ಬೇರೆ ಏನಾದ್ರೂ ಸಹಾಯ ಬೇಕಿತ್ತಾ ಮೇಡಂ?" ಎಂದ.

ಕೊನೆಗೆ ಕಾಣದ ಅಕ್ಷರ ತೆಗೆದು, ಡ ಕೆಳಗೆ ಜ ಒತ್ತಾಗಿ ನೇತಾಡುವ 'ಕಾಡ್ಜೇನ್' ಎಂಬುದನ್ನೇ ನೋಂದಾಯಿಸಿದೆ. ಅವಳು ಪರದೆಗೆ ಮೂಗು ತಾಗಿಸಿ ನೋಡಿ, "ಇದ್ ನಮ್ಮದಾ? ಹೀಂಗೆ ಬರೆಯುವವು ನಮ್ಮಲ್ಲಿ ಯಾರೂ ಇಲ್ಲೆ" ಎಂದಳು. "ಕೇಳೋಕೆ ಒಂದೇ ಅಲ್ವಾ" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಮೇಲ್ವಿಚಾರಕ ನನ್ನನ್ನು ಸಾಗಹಾಕಿದ ಹಾಗೆಯೇ ನಾನೂ ಅವಳನ್ನು ಸಾಗಹಾಕಿದ್ದೆ ಎಂದು ಆಮೇಲೆ ಗೊತ್ತಾಯಿತು.

ತಾಣ ಸಿದ್ಧವಾಯಿತು. ಹನ್ನೆರಡು ಹೆಂಗಸರ ಫೋಟೋ, ಪೆಟ್ಟಿಗೆಗಳ ಫೋಟೋ, ಫೋನ್ ನಂಬರ್. ಬಾಟಲಿಗೆ ಅಂಟಿಸುವ ಲೇಬಲ್ಲನ್ನೂ ನಾನೇ ಮಾಡಿದೆ, ವಿಳಾಸವನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ತಾಣದ ಕೊಂಡಿಯನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದರೆ ಕನ್ನಡ ಕಾಣುತ್ತಿರಲಿಲ್ಲ. ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಒಂದು ಬಾಲದಷ್ಟು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯಂತ್ರಗಳು ಒಳಗೊಳಗೆ ಕನ್ನಡವನ್ನು ಹಾಗೆ ಬರೆದುಕೊಳ್ಳುತ್ತವೆ. ಅದನ್ನು ಜನರಿಗೆ ತೋರಿಸಬಾರದೆಂಬ ಸಂಕೋಚ ಯಾರಿಗೂ ಬಂದಂತಿಲ್ಲ.

ತಿಂಗಳೂ ಆಗಿರಲಿಲ್ಲ, ಒಂದು ಮಧ್ಯಾಹ್ನ ಅವಳು ಚೀಲದಲ್ಲಿ ಬಾಟಲಿಗಳನ್ನು ಹೊತ್ತುಕೊಂಡು ಅಂಗಡಿಗೆ ಬಂದಳು. ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟ ರೀತಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು.

"ಎಲ್ಲ ವಾಪಸ್ ಕೊಟ್ಟೊ ಅಕ್ಕ. ಡೂಪ್ಲಿಕೇಟ್ ಅಂತೆ."

ಕುಟ್ಟದಲ್ಲಿ ಹೋಂಸ್ಟೇ ಇಟ್ಟುಕೊಂಡಿದ್ದ ಒಬ್ಬ ಪ್ಲಾಂಟರ್ ಅವರ ಜೇನು ಕೊಂಡಿದ್ದರು. ಲೇಬಲ್ ನೋಡಿ ವಿಳಾಸ ಟೈಪ್ ಮಾಡಿದರೆ ಅಂಥ ತಾಣವೇ ಇಲ್ಲ ಎಂದು ಬಂತಂತೆ. ಅದೇ ಹೊತ್ತಿಗೆ ಯಾರೋ ಕಳುಹಿಸಿದ ಕೊಂಡಿಯಲ್ಲಿ ಎಕ್ಸ್, ಎನ್ ಬಾಲ ನೋಡಿ, ಇದು ಕಳ್ಳರ ಕೆಲಸವೆಂದು ತೀರ್ಮಾನಿಸಿ, ಹೋಂಸ್ಟೇಯವರ ಗುಂಪಿನಲ್ಲಿ ಎಚ್ಚರಿಕೆಯ ಸಂದೇಶ ಹಾಕಿದ್ದರು. ಅವಳು ಗೋಣಿಕೊಪ್ಪಲಿನ ಸಂತೆಯಲ್ಲಿ ಬಾಟಲಿ ಹರಡಿಕೊಂಡು ಕೂತಿದ್ದಾಗ ಕೊಂಡವರೊಬ್ಬರು ಎಲ್ಲರೆದುರು ವಾಪಸ್ ತಂದಿಟ್ಟು, ಬೆಲ್ಲದ ಪಾಕ ಮಾರಲು ನಾಚಿಕೆಯಾಗುವುದಿಲ್ಲವೇ ಎಂದಿದ್ದರು.

"ಹೆಸ್ರೇ ಸುಳ್ಳಾದ್ರೆ ಜೇನೂ ಸುಳ್ಳೇ ಅಂತ ಹೇಳ್ದೊ. ಎದ್ರು ಮಾತಾಡಿಕೆ ನನ್ನ ಹತ್ರ ಎಂತ ಉಟ್ಟು? ನಾ ಟೈಪ್ ಮಾಡಿರೂ ಓಪನ್ ಆತಿಲ್ಲೆ."

ಅವಳು ಅಳಲಿಲ್ಲ. ಲೇಬಲ್ಲಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು.

ನಾನು ಲೇಬಲ್ಲಿನ ಕಡತ ತೆರೆದೆ. ನೋಡಿದ ಕೂಡಲೇ ಕಿವಿ ಬಿಸಿಯಾಯಿತು. ನೋಂದಾಯಿಸಿದ್ದು ಒತ್ತಿನ 'ಕಾಡ್ಜೇನ್'. ಲೇಬಲ್ಲಿನಲ್ಲಿ ನನ್ನ ಬೆರಳು ಅಭ್ಯಾಸಬಲದಿಂದ ಕಾಣದ ಕೀಲಿ ಒತ್ತಿ 'ಕಾಡ್‌ಜೇನ್' ಎಂದು ಬರೆದಿತ್ತು. ಕಣ್ಣಿಗೆ ಸರಿಯಾಗಿದ್ದರಿಂದ ತಿದ್ದುವಾಗಲೂ ಗೊತ್ತಾಗಿರಲಿಲ್ಲ. ಲೇಬಲ್ ನೋಡಿ ಇದ್ದದ್ದನ್ನು ಇದ್ದಂತೆ ಎಚ್ಚರಿಕೆಯಿಂದ ಟೈಪ್ ಮಾಡಿದವರಿಗೆ ಬಾಗಿಲು ಮುಚ್ಚಿತ್ತು. ಫೋನಿನಲ್ಲಿ ಹೇಗೆಂದರೆ ಹಾಗೆ ಒತ್ತಿ ಅಕ್ಷರ ಕೆಡಿಸಿದವರಿಗೆ ತೆರೆಯುತ್ತಿತ್ತು. ಮಂದಿಯ ಪ್ರೂಫ್‌ನಲ್ಲಿ ಅಲ್ಪವಿರಾಮದ ತಪ್ಪು ಹಿಡಿದು ಬೀಗುತ್ತಿದ್ದವಳು ನಾನು. ಇದ್ದ ಒಂದೇ ಒಂದು ವಿಳಾಸವನ್ನು ತಪ್ಪಾಗಿ ಅಚ್ಚುಹಾಕಿದ್ದೆ.

"ತಪ್ಪು ನಂದು. ನಿಮ್ಮದೇನೂ ಇಲ್ಲ" ಎಂದೆ.

"ನಿಮ್ಮದಾ?" ಎಂದು ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಹಂಗಾರೆ ನೀವೇ ಬಂದು ಹೇಳಿ ಆ ಕುಟ್ಟದ ಮನುಷ್ಯಂಗೆ."

ಮರುದಿನ ಅಂಗಡಿ ಮುಚ್ಚಿ ಇಬ್ಬರೂ ಕುಟ್ಟದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನೊಡನೆ ಮಾತಾಡಲಿಲ್ಲ. ವಿರಾಜಪೇಟೆಯಲ್ಲಿ ಬಸ್ಸು ನಿಂತಾಗ ಚಹಾ ಮಾತ್ರ ತಂದುಕೊಟ್ಟಳು.

ಪ್ಲಾಂಟರ್ ವಯಸ್ಸಾದವರು, ಸಭ್ಯರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ನಾನು ಎಲ್ಲ ವಿವರಿಸಿದೆ. ಅವರು ಕನ್ನಡಕ ಏರಿಸಿ, ಒಂದೇ ಬೆರಳಿನಿಂದ ಲೇಬಲ್ಲಿನಂತೆಯೇ ಟೈಪ್ ಮಾಡಿದರು. ಇಲ್ಲ ಎಂದು ಬಂತು. ನಾನು ಅವರ ಫೋನ್ ಇಸಿದುಕೊಂಡು ಒತ್ತು ಹಾಕಿ ಟೈಪ್ ಮಾಡಿದೆ. ಹನ್ನೆರಡು ಹೆಂಗಸರು ಸಾಲಾಗಿ ನಗುತ್ತಾ ಕಾಣಿಸಿಕೊಂಡರು. ಪ್ಲಾಂಟರ್ ಫೋಟೋ ನೋಡಿದರು, ಎದುರು ಕೂತವಳನ್ನು ನೋಡಿದರು.

"ಸಾರಿ ಅಮ್ಮ. ನಾನು ವಿಚಾರಿಸಬೇಕಿತ್ತು" ಎಂದರು. ಗುಂಪಿನಲ್ಲಿ ತಾನು ಹಾಕಿದ್ದು ತಪ್ಪೆಂದು ನಮ್ಮೆದುರೇ ಬರೆದು ಕಳುಹಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಅವರ ಬಗ್ಗೆ ನನ್ನ ಗೌರವ ಹಾಗೇ ಉಳಿಯುತ್ತಿತ್ತು. ಆದರೆ ಗೇಟಿನವರೆಗೆ ಬಂದು, "ಯಾಕೆ ಈ ಕಷ್ಟ ಮೇಡಂ? ಇಂಗ್ಲಿಷ್‌ನಲ್ಲಿ ಹಾಕಿ. ಸಿಂಪಲ್. ಅದರಲ್ಲಿ ಈ ಕನ್‌ಫ್ಯೂಶನ್ನೇ ಇಲ್ಲ" ಎಂದರು. ಅವರ ಎಸ್ಟೇಟಿನ ಹೆಸರು ಗೇಟಿನ ಮೇಲೆ ಒಂದು ಸ್ಪೆಲಿಂಗಿನಲ್ಲಿತ್ತು, ಜೀಪಿನ ಮೇಲೆ ಇನ್ನೊಂದರಲ್ಲಿ, ಜಗಲಿಯಲ್ಲಿ ಪೇರಿಸಿದ್ದ ಕಾಫಿ ಪ್ಯಾಕೆಟ್ಟುಗಳ ಮೇಲೆ ಮೂರನೆಯದರಲ್ಲಿ. ನಾನು ಮೂರನ್ನೂ ಓದಿಕೊಂಡು ನಮಸ್ಕಾರ ಹೇಳಿ ಬಂದೆ.

ಮಡಿಕೇರಿಗೆ ಬಂದವಳೇ, ವಿಳಾಸದಲ್ಲಿ ಯಾವ ಅಕ್ಷರ ಬರಬಹುದೆಂದು ನಿಯಮ ಮಾಡುವ ಸಮಿತಿಗೆ ಬರೆಯಲು ಕೂತೆ. ಸಾರ್ವಜನಿಕರ ಅಭಿಪ್ರಾಯಕ್ಕೆ ಅವರದೊಂದು ಫಾರಂ ಇತ್ತು, ಇಂಗ್ಲಿಷಿನಲ್ಲಿ. ಆಗಲಿ. ಉದಾಹರಣೆ ಕೊಡಿ ಎಂಬ ಚೌಕದಲ್ಲಿ ನಾನು ಕಾಡ್‌ಜೇನ್, ವೆಬ್‌ಸೈಟ್, ಬಸ್‌ಸ್ಟ್ಯಾಂಡ್ ಎಂದು ಕನ್ನಡದಲ್ಲಿ ಬರೆದು ಕಳುಹಿಸಿದೆ. ಸ್ವೀಕೃತಿ ಬಂತು. ಅದರಲ್ಲಿ ನನ್ನ ಉದಾಹರಣೆಗಳಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡ ಅಕ್ಷರಗಳ ಭವಿಷ್ಯ ನಿರ್ಧರಿಸುವ ಫಾರಂ ಕನ್ನಡ ಅಕ್ಷರವನ್ನು ಓದುತ್ತಿರಲಿಲ್ಲ. ಕೈಬರಹದಲ್ಲಿ ಬರೆದು ಫೋಟೋ ತೆಗೆದು ಮತ್ತೆ ಕಳುಹಿಸಿದೆ.

ಅದನ್ನು ಯಾರೋ ಓದಿರಬೇಕು. ಆನ್‌ಲೈನ್ ಸಭೆಗೆ ಕರೆ ಬಂತು. ಆ ದಿನ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಮುಕ್ಕಾಲು ಗಂಟೆ ಅವರು ಕನ್ನಡ ತೆಲುಗಿನ ಅಕ್ಷರಗಳು ಒಂದನ್ನೊಂದು ಹೋಲುವುದರ ಬಗ್ಗೆ, ಅನುಸ್ವಾರ ಮತ್ತು ಸೊನ್ನೆಯ ಬಗ್ಗೆ ಚರ್ಚಿಸಿದರು. ಅದು ಬೇಕಾದ ಚರ್ಚೆಯೇ. ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟರು. ನಾನು ಹೇಳಿ ಮುಗಿಸುವ ಮೊದಲೇ ಹಿರಿಯ ವಿದ್ವಾಂಸರೊಬ್ಬರು ಮಾತು ಎತ್ತಿಕೊಂಡರು. ಅವರ ಹಿಂದೆ ಗೋಡೆ ತುಂಬ ಪ್ರಶಸ್ತಿ ಫಲಕಗಳಿದ್ದವು.

"ಕನ್ನಡದ ಜಾಯಮಾನ ಸ್ವರಾಂತ, ತಾಯಿ. ಪದದ ಮಧ್ಯೆ ಹೀಗೆ ಅರ್ಧಾಕ್ಷರ ನಿಲ್ಲುವುದು ಇಂಗ್ಲಿಷಿನ ಪ್ರಭಾವ. ಇಲ್ಲವಾದರೆ ಹಳ್ಳಿಯ ಅಪಭ್ರಂಶ. ಪ್ರತಿ ಊರಿನ ಆಡುಮಾತಿಗೂ ನಿಯಮ ಬದಲಿಸಲಾದೀತೇ?"

ಅವಳು ನನ್ನ ಕೈಯಿಂದ ಮೈಕ್ ಎಳೆದುಕೊಂಡಳು.

"ಅಜ್ಜಾ, ನಾವು ಇಂಗ್ಲಿಷ್ ಕಲಿಯುವ ಮೊದ್ಲೇ ಕಾಡ್‌ಜೇನ್ ಅಂತ ಹೇಳ್ದು. ನಮ್ಮ ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಗೊತ್ತಿಲ್ಲೆ. ನಿಮ್ಗೆ ನಮ್ಮ ಮಾತು ಕೇಳಿ ಗೊತ್ತಿಲ್ಲೆ ಅಂತ ಹೇಳಿ. ಅದ್ ಬಿಟ್ಟು ನಮ್ಮ ಮಾತೇ ತಪ್ಪು ಅಂತ ಹೇಳ್ಬೇಡಿ."

ಸಭೆ ನಡೆಸುತ್ತಿದ್ದವರು ಇಂಗ್ಲಿಷಿನಲ್ಲಿ, ಮಾತಾಡದವರು ದಯವಿಟ್ಟು ಮೈಕ್ ಬಂದ್ ಮಾಡಿಕೊಳ್ಳಬೇಕು ಎಂದರು. ನಮ್ಮ ಮೈಕನ್ನು ಅವರೇ ಬಂದ್ ಮಾಡಿದರು. ನಮ್ಮ ಅಭಿಪ್ರಾಯವನ್ನು ದಾಖಲಿಸಿಕೊಳ್ಳಲಾಗಿದೆ ಎಂಬ ಒಂದು ಸಾಲಿನ ಇಮೇಲ್ ಸಂಜೆ ಬಂತು. ದಾಖಲೆಯಲ್ಲಿ ಅದು ಇನ್ನೂ ಕ್ಷೇಮವಾಗಿರಬಹುದು.

ನಾನು ಸಿಟ್ಟಿನಲ್ಲಿ ಇನ್ನೊಂದು ಪತ್ರಕ್ಕೆ ಶುರುಮಾಡಿದ್ದೆ. ಅವಳು ಪರದೆಯ ಮೇಲಿನ ಹೆಸರನ್ನೇ ನೋಡುತ್ತಾ ಕೇಳಿದಳು: "ಅಕ್ಕ, ನಡುವೆ ಒಂದ್ ಗೆರೆ ಹಾಕಿಕೆ ಆದೆಯಾ? ಬಸ್ಸಿನ ಬೋರ್ಡಲ್ಲಿ ಮಡಿಕೇರಿ ಗೆರೆ ಕರಿಕೆ ಅಂತ ಹಾಕುವವಲ್ಲ, ಹಂಗೆ."

ನಾನು ಟೈಪ್ ಮಾಡಿದೆ. ಕಾಡ್-ಜೇನ್. ಗೆರೆ ನಡುವೆ ಬಂದ ಮೇಲೆ ಜ ಕೆಳಗಿಳಿಯಲಿಲ್ಲ, ಡ ನೆಟ್ಟಗೆ ನಿಂತಿತು. ಕೆಂಪು ಅಕ್ಷರವೂ ಬರಲಿಲ್ಲ. ಗೆರೆ ಕಣ್ಣಿಗೆ ಕಾಣುತ್ತದೆ, ಗೆರೆಗೆ ನಿಯಮದಲ್ಲಿ ಜಾಗವಿದೆ. ಇಷ್ಟು ವರ್ಷ ಅಕ್ಷರ ಜೋಡಿಸಿದ ನನಗಾಗಲಿ, ಶಿಬಿರದ ಪರಿಣತರಿಗಾಗಲಿ, ಫಲಕಗಳ ವಿದ್ವಾಂಸರಿಗಾಗಲಿ ತೋಚದ್ದು ಅವಳಿಗೆ ಬಸ್ಸಿನ ಬೋರ್ಡಿನಿಂದ ಹೊಳೆದಿತ್ತು. ಅವಳನ್ನು ಹೊಗಳಬೇಕೆನಿಸಿತು. ಆದರೆ ಮೊದಲು ನಾಚಿಕೆಯಾಯಿತು.

ಹೊಸ ಹೆಸರು ನೋಂದಾಯಿಸಿ, ಹೊಸ ಲೇಬಲ್ ನಾನೇ ಅಚ್ಚುಹಾಕಿಸಿ ಕೊಟ್ಟೆ. ಈ ಸಲ ಕಳುಹಿಸುವ ಮೊದಲು ಲೇಬಲ್ ನೋಡಿಕೊಂಡು ಹತ್ತು ಜನರ ಫೋನಿನಲ್ಲಿ ಟೈಪ್ ಮಾಡಿಸಿದೆ. ಹತ್ತರಲ್ಲೂ ತೆರೆಯಿತು. ವಾಟ್ಸ್ಆ್ಯಪಿನಲ್ಲಿ ಬಾಲ ಈಗಲೂ ಬರುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ತಾಣ ನೋಡಿ, ನಂಬರ್ ತೆಗೆದುಕೊಂಡು, ಅವಳಿಗೆ ಫೋನ್ ಮಾಡಿಯೇ ಕೇಳುತ್ತಾರೆ. ಕುಟ್ಟದ ಪ್ಲಾಂಟರ್ ಕೂಡ ಅತಿಥಿಗಳಿಗೆ ಅವಳದೇ ಜೇನು ತರಿಸುತ್ತಾರೆ.

ಮಳೆ ಹಿಡಿಯುವ ಮುಂಚೆ ಜೇನು ತೆಗೆಯುವ ಹೊತ್ತಿಗೆ ಅವಳು ನನ್ನನ್ನು ಕರಿಕೆಗೆ ಕರೆದಳು. ಪೆಟ್ಟಿಗೆಗಳಿದ್ದ ಕೊಟ್ಟಿಗೆಯ ಗೋಡೆಗೆ ಯಾರೋ ನೀಲಿ ಬಣ್ಣದಲ್ಲಿ ವಿಳಾಸ ಬರೆದಿದ್ದರು. ಅವಳ ಅತ್ತೆ ಹೊಗೆಯ ನಡುವೆ ನಿಂತು ಅದನ್ನು ಬೆರಳು ಮಾಡಿ, ನಡುವೆ ಇರುವ ಆ ಗೆರೆ ಯಾಕೆ ಎಂದು ಕೇಳಿದರು.

"ಅದ್ ನಮ್ಗಲ್ಲ ಅತ್ತೆ, ಬೆಂಗಳೂರಿನವ್ಕೆ" ಎಂದಳು ಅವಳು.

ಅತ್ತೆ ಹಾಗೋ ಎಂದು ತಲೆಯಾಡಿಸಿ ಮುಂದಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ನನಗೂ ಜೇನು ಜಿನುಗುವ ಒಂದು ಎರಿ ಮುರಿದು ಎಲೆಯಲ್ಲಿಟ್ಟು ಕೊಟ್ಟರು.